ಗೌರವ್ವನ ಬ್ಯಾರಲ್ಲು, ಗಡಹಿಂಗ್ಲಜದ ಫೋನು

ಇಂಥ ಅನುಭವಗಳನ್ನು ಸಾಮಾನ್ಯವಾಗಿ ನಿವೃತ್ತರಾದವರು ಬರೆಯುತ್ತಾರೆ. ಅವರಿಗೆ ಬಿಳಿ ಕೂದಲು, ಪಿಂಚಣಿ, ಆರಾಮ ಕುರ್ಚಿ ಇರುತ್ತವೆ. ನನಗೆ ಹತ್ತೊಂಬತ್ತು ವರ್ಷ. ಆರಾಮ ಕುರ್ಚಿಯ ಮಾತು ಬಿಡಿ, ನಮ್ಮ ಲ್ಯಾಬಿನಲ್ಲಿ ನನಗಿರುವುದು ಒಂದು ಸ್ಟೂಲು. ಅದಕ್ಕೂ ಮೂರೇ ಕಾಲು. ನಾಲ್ಕನೆಯ ಕಾಲಿನ ಕೆಲಸವನ್ನು ಡೆಂಗ್ಯೂ ಕಿಟ್ಟಿನ ಖಾಲಿ ಡಬ್ಬಗಳು ಮಾಡುತ್ತಿವೆ. ಆದರೂ ಹೋದ ವರ್ಷ ನಾನು ಕಂಡದ್ದನ್ನು ಹೇಳಲು ನಲವತ್ತು ವರ್ಷ ಕಾಯುವುದು ಆಗದ ಮಾತು. ಅಷ್ಟು ದಿನ ಬಾಯಿ ಮುಚ್ಚಿಕೊಂಡಿರುವ ಶಕ್ತಿ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಆಗ ನಾನು ಗಡಿಯಾಚೆಯ ಮಗ್ಗದ ಊರಾದ ಇಚಲಕರಂಜಿಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಟ್ರೇನಿ ಟೆಕ್ನಿಷಿಯನ್. ಹೆಸರು ರೇಣುಕಾ. ಅಪ್ಪ ಪವರ್‌ಲೂಮ್ ಕೆಲಸಗಾರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್, ಜಗಳದಲ್ಲಿ ಮೂರೂ. ಲ್ಯಾಬು ಎಷ್ಟು ಚಿಕ್ಕದೆಂದರೆ, ರಕ್ತದ ನಳಿಕೆ ತಿರುಗಿಸುವ ಸೆಂಟ್ರಿಫ್ಯೂಜ್ ಶುರುವಾದರೆ ಅದರ ಜೊತೆ ನಾವೂ ಅರ್ಧ ಸುತ್ತು ತಿರುಗಿ ಬರುತ್ತಿದ್ದೆವು.

ಲ್ಯಾಬಿನ ಹಿರಿಯರು ಮಗದುಮ್ ಸರ್. ಜಯಸಿಂಗಪುರ ಕಡೆಯ ಜೈನರು. ಸೂರ್ಯ ಮುಳುಗುವ ಮುನ್ನ ಊಟ ಮುಗಿಯಬೇಕು. ಕುಡಿಯುವ ನೀರನ್ನು ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸಲೇಬೇಕು. ಆಸ್ಪತ್ರೆಯಲ್ಲಿ ದೊಡ್ಡ ಫಿಲ್ಟರ್ ಮಷೀನ್ ಇದೆ. ಅದರ ನೀರನ್ನೂ ಅವರು ಸೋಸುತ್ತಿದ್ದರು.

"ಸರ್, ಅದು ಮೊದಲ ಫಿಲ್ಟರ್ ಆಗಿ ಬಂದದ್ರಿ" ಎಂದೆ, ಸೇರಿದ ಹೊಸದರಲ್ಲಿ.

"ಮಷೀನ್ ತನ್ನ ಕೆಲಸಾ ಮಾಡ್ಯದ. ನಾ ನಂದು ಮಾಡಾಕತ್ತೇನಿ. ನೀ ನಿಂದು ಮಾಡು" ಎಂದರು. ನಾನು ನನ್ನದನ್ನು ಮಾಡಲು ಹೋದೆ. ಆ ಬಟ್ಟೆ ಈ ಕಥೆಯಲ್ಲಿ ಮತ್ತೆ ಬರುತ್ತದೆ, ನೆನಪಿಡಿ.

ನನ್ನ ಕೆಲಸವೇನೆಂದು ಹೇಳಿಬಿಡುತ್ತೇನೆ. ಡೆಂಗ್ಯೂ ರ‍್ಯಾಪಿಡ್ ಟೆಸ್ಟಿನ ಪ್ಲಾಸ್ಟಿಕ್ ತುಂಡು ಬೆರಳುದ್ದ ಇರುತ್ತದೆ. ಅದರ ಗುಳಿಯೊಳಗೆ ರೋಗಿಯ ರಕ್ತದ ಸೀರಮ್, ಅಂದರೆ ತಿಳಿ ದ್ರವ, ಬಿಡಬೇಕು. ಒಂದು ಗೆರೆ ಮೂಡಿದರೆ ಟೆಸ್ಟ್ ಸರಿಯಾಗಿ ನಡೆದಿದೆ ಎಂದರ್ಥ. ಎರಡನೆಯದೂ ಮೂಡಿದರೆ ಪಾಸಿಟಿವ್. ಜ್ವರದ ಮೊದಲ ದಿನಗಳಲ್ಲಿ ವೈರಸ್ಸಿನದೇ ಒಂದು ಪ್ರೋಟೀನ್ ಸಿಗುತ್ತದೆ, ಅದಕ್ಕೆ ಎನ್ಎಸ್1 ಎನ್ನುತ್ತಾರೆ. ಸುಮಾರು ಐದು ದಿನ ದಾಟಿದ ಮೇಲೆ ನಮ್ಮ ದೇಹ ತಯಾರಿಸಿದ ಐಜಿಎಂ ಎಂಬ ಪ್ರತಿಕಾಯ ಸಿಗುತ್ತದೆ. ಕಿಟ್ಟಿನ ಮೇಲೆ ಬರೆದ ಹೊತ್ತಿಗೇ ಓದಬೇಕು; ಚಹಾ ಕುಡಿದು ಬಂದು ನೋಡಿದಾಗ ಮೂಡಿರುವ ಗೆರೆಗೆ ಬೆಲೆಯಿಲ್ಲ. ಆದ್ದರಿಂದ ಡೆಂಗ್ಯೂ ಕಾಲದಲ್ಲಿ ನಾನು ಬಿಸಿ ಚಹಾ ಕುಡಿದದ್ದೇ ಇಲ್ಲ.

ರ‍್ಯಾಪಿಡ್ ಟೆಸ್ಟಿನ ಮಾತೇ ಕೊನೆಯಲ್ಲ. ಪಾಸಿಟಿವ್ ಬಂದವರ ಸ್ಯಾಂಪಲ್ ಕೊಲ್ಹಾಪುರದ ಸರ್ಕಾರಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಎಲೈಸಾ ಎಂಬ ಹೆಚ್ಚು ನಂಬಿಕೆಯ ಪರೀಕ್ಷೆ ಮಾಡಿದ ಮೇಲೆಯೇ 'ಖಚಿತ'. ಆದರೆ ಖಚಿತವಾಗುವವರೆಗೆ ಸೊಳ್ಳೆ ಕಾಯುವುದಿಲ್ಲ. ಹಾಗಾಗಿ ನಾವು ಅಂದೇ ಸರ್ಕಾರದ ಪೋರ್ಟಲ್‌ಗೆ ರೋಗಿಯ ಹೆಸರು, ವಿಳಾಸ ತುಂಬುತ್ತೇವೆ. ಆ ವಿಳಾಸ ಹಿಡಿದು ಆ ಊರಿನ ಆರೋಗ್ಯ ಕಾರ್ಯಕರ್ತೆ ಹೋಗಿ ನೀರಿನ ಪಾತ್ರೆಗಳಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು, ಇವೆಯೇ ಎಂದು ನೋಡುತ್ತಾರೆ.

ಮಳೆಗಾಲ ಮುಗಿಯುತ್ತ ಬಂದು, ಬಿಸಿಲು ಬಾಕಿ ತೀರಿಸುವವನಂತೆ ಸುಡುತ್ತಿತ್ತು. ಒಂದೇ ವಾರದಲ್ಲಿ ಐದು ಮಂದಿ ಲೂಮ್ ಕೆಲಸಗಾರರು ಪಾಸಿಟಿವ್ ಬಂದರು. ಮೊದಲನೆಯವನು ಭೀಮಪ್ಪ, ಮೂವತ್ತರ ಆಸುಪಾಸಿನ ಆಳು. ಅವನ ಪ್ಲೇಟ್‌ಲೆಟ್ ಇಳಿದ ಸುದ್ದಿ ಕೇಳಿ ಗೆಳೆಯರು ಪಪ್ಪಾಯಿ ಎಲೆಯ ರಸ ತಂದು ತಂದು, ಆಸ್ಪತ್ರೆಯ ಹಿಂದಿನ ಪಪ್ಪಾಯಿ ಗಿಡ ಮುಂಜಿಯಾದ ವಟುವಿನಂತೆ ಬೋಳಾಗಿ ನಿಂತಿತು. ನಾನು ಐದೂ ರಿಪೋರ್ಟ್ ಪೋರ್ಟಲ್‌ಗೆ ಹಾಕಿದೆ. ಆಮೇಲೆ ಆ ಫೋನ್ ಬಂತು.

"ಇಚಲಕರಂಜಿ ಲ್ಯಾಬ್ ಏನ್ರಿ? ನಾ ಗಡಹಿಂಗ್ಲಜದಿಂದ ಶೋಭಾ, ಆರೋಗ್ಯ ಇಲಾಖಿಯಾಕಿ. ಡೆಂಗ್ಯೂ ರಿಪೋರ್ಟ್ ಹಾಕಾಕಿ ಯಾರು?"

"ನಾನರಿ, ರೇಣುಕಾ."

"ಏನವಾ ರೇಣುಕಾ, ನಿನಗ ನನ್ನ ಮ್ಯಾಲ ಏನರ ಸಿಟ್ಟೈತೇನು?"

ಪರಿಚಯವೇ ಇಲ್ಲದವರ ಮೇಲೆ ಸಿಟ್ಟು ಮಾಡುವಷ್ಟು ಪುರಸೊತ್ತು ನನಗಿಲ್ಲ ಎಂದು ಹೇಳುವ ಮುನ್ನವೇ ಶೋಭಕ್ಕ ಹರಿದು ಬಂದರು.

"ನೀ ಕಳಿಸಿದ ಭೀಮಪ್ಪ ಯುಗಾದಿಗೆ ಊರಿಗೆ ಬಂದು ಹೋದಾವ ಮತ್ತ ಮಾರಿ ತೋರಿಸಿಲ್ಲಂತ. ನಾ ಅವನ ಮನಿಗೆ ಹೋಗಿ ಹಂಡೆ, ಕೊಡ, ದನದ ನೀರಿನ ದೋಣಿ ಎಲ್ಲಾ ತಿಕ್ಕಿಸಿ ಬಂದೆ. ಒಂದ ಹುಳಾ ಇಲ್ಲ. ಅವರವ್ವ ಚಾ ಕುಡಿಸಿ, 'ನೀ ಊರೂರು ತಿರಗತಿ, ನನ್ನ ಮಗನಿಗೊಂದ ಹೆಣ್ಣ ನೋಡವಾ' ಅಂದ್ಳು. ಲಾರ್ವಾ ಹುಡಕಾಕ ಹೋದಾಕಿ ಈಗ ಹೆಣ್ಣ ಹುಡಕಾಕತ್ತೇನಿ!"

"ಅಕ್ಕಾ, ಆಧಾರದಾಗ ಅದ ಊರ ಐತಿರಿ."

"ಆಧಾರ್ ಭೀಮಪ್ಪಂದು. ಸೊಳ್ಳಿ ಏನ ಇಚಲಕರಂಜ್ಯಾಗ ಬಸ್ ಹತ್ತಿ ಗಡಹಿಂಗ್ಲಜದಾಗ ಇಳೀತೈತೇನು?"

ನಗು ಬಂತು. ಮರುಕ್ಷಣ ತಪ್ಪು ಎಲ್ಲಿ ಆಗಿದೆಯೆಂದು ಹೊಳೆಯಿತು. ನಮ್ಮ ಕೌಂಟರಿನ ಸುನೀಲ ರೋಗಿ ಬಂದ ಕೂಡಲೇ ಆಧಾರ್ ಇಸಿದುಕೊಂಡು, ಅದರಲ್ಲಿರುವ ವಿಳಾಸವನ್ನು ಮಷೀನ್ ಗನ್ ವೇಗದಲ್ಲಿ ಟೈಪ್ ಮಾಡುತ್ತಾನೆ. ನಮ್ಮ ಮಂದಿಯೂ ಹಾಗೆಯೇ. ಇಪ್ಪತ್ತು ವರ್ಷ ಇಲ್ಲೇ ದುಡಿದಿದ್ದರೂ ಯಾರಾದರೂ ಊರು ಕೇಳಿದರೆ ಹುಟ್ಟಿದ ಹಳ್ಳಿಯ ಹೆಸರನ್ನೇ ಹೇಳುತ್ತಾರೆ. ನನ್ನಪ್ಪನೂ ಹೇಳುತ್ತಾನೆ. ಹೀಗಾಗಿ ಐವರಲ್ಲಿ ಮೂವರ ರಿಪೋರ್ಟ್ ಗಡಹಿಂಗ್ಲಜದ ಕಡೆಗೆ, ಒಬ್ಬನದು ಕೋವಾಡಕ್ಕೆ, ಇನ್ನೊಬ್ಬನದು ಕಾಗಲದ ಹತ್ತಿರದ ಹಳ್ಳಿಗೆ ಹೋಗಿದ್ದವು. ಅಷ್ಟೂ ಊರುಗಳಲ್ಲಿ ಕೊಡಗಳು ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತಿದ್ದವು. ಕಚ್ಚಿದ ಸೊಳ್ಳೆ ಮಾತ್ರ ಇಚಲಕರಂಜಿಯಲ್ಲಿ ಯಾರ ತಂಟೆಯೂ ಇಲ್ಲದೆ ಸಂಸಾರ ಬೆಳೆಸುತ್ತಿತ್ತು. ಪೋರ್ಟಲ್‌ನ ನಕ್ಷೆಯಲ್ಲಿ ನಮ್ಮ ಊರು ಒಂದೂ ಕೇಸಿಲ್ಲದೆ ಶುದ್ಧ ಬಿಳಿ.

ವಾರ್ಡಿಗೆ ಓಡಿದೆ. ಐವರ ಈಗಿನ ವಿಳಾಸ ಕೇಳಿದೆ. ಐದು ರೂಮು, ಐದು ಗಲ್ಲಿ, ಒಂದಕ್ಕೊಂದು ಸಂಬಂಧವಿಲ್ಲ. ದುಡಿಯುವ ಶೆಡ್ಡುಗಳೂ ಬೇರೆ ಬೇರೆ. ಮುಖ ಸಣ್ಣದು ಮಾಡಿಕೊಂಡು ಸರ್ ಹತ್ತಿರ ಬಂದೆ.

"ರಾತ್ರಿ ಎಲ್ಲಿ ಮಲಗತಾರ ಅಂತ ಕೇಳಿದಿ" ಎಂದರು ಮಗದುಮ್ ಸರ್. "ಡೆಂಗ್ಯೂ ಸೊಳ್ಳಿ ಹಗಲಿ ಕಡೀತದ. ಹಗಲಿ ಎಲ್ಲಿರ್ತಾರ ಕೇಳಬಾರದೇನು?"

ಮತ್ತೆ ಓಡಿದೆ. ಆ ದಿನ ನಾನು ಏರಿ ಇಳಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಗುಡ್ಡದ ಮೇಲಿನ ಪನ್ಹಾಳ ಕೋಟೆಯನ್ನು ಬಗ್ಗಿ ನೋಡಬಹುದಿತ್ತು.

ಭೀಮಪ್ಪ ಸಲೈನ್ ಹಚ್ಚಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ. "ಹಗಲಿ ಏನ, ತಂಗಿ, ಗೌರವ್ವನ ಖಾನಾವಳ್ಯಾಗ ಇರೂದು. ರಾತ್ರಿಪಾಳಿ ಮುಗಿಸಿ, ಅಲ್ಲೇ ಭಕ್ರಿ ತಿಂದು ಅಲ್ಲೇ ಅಡ್ಡಾಗತೇವಿ. ರೂಮಿನ ಮ್ಯಾಲಿನ ತಗಡಿನ ಪತ್ರಾ ಕಾದು ತವಾ ಆಗಿರತೈತಿ. ಅಕೀ ಪಡಸಾಲಿ ಭಾಳ ತಂಪ."

"ಅಲ್ಲಿ ಯಾಕ ತಂಪ?"

"ಸುತ್ತ ನೀರಿನ ಬ್ಯಾರಲ್ ಅದಾವಲ್ಲ."

ಉಳಿದ ನಾಲ್ವರನ್ನು ಬೇರೆ ಬೇರೆಯಾಗಿ ಕೇಳಿದೆ. ನಾಲ್ವರೂ ಗೌರವ್ವನ ಹೆಸರೇ ಹೇಳಿದರು. ಜ್ವರದಲ್ಲಿ ಅನ್ನದ ಹೆಸರು ಕೇಳಿದರೆ ವಾಕರಿಸುತ್ತಿದ್ದವರು ಅವಳ ಕಡಲೆಹಿಟ್ಟಿನ ಜುಣಕದ ಹೆಸರಿಗೆ ಎದ್ದು ಕುಳಿತರು.

ಸಂಜೆ ಕೆಲಸ ಮುಗಿಸಿ ನೇರ ಖಾನಾವಳಿಗೆ ಹೋದೆ. ಗೌರವ್ವ ಬೆಳಗಾವಿ ಕಡೆಯಿಂದ ಬಂದು, ಗಂಡ ತೀರಿಕೊಂಡ ಮೇಲೆ ಜೋಳದ ಭಕ್ರಿ ಬಡಿದೇ ಮಗಳನ್ನು ಬೆಳೆಸಿದ ಹೆಂಗಸು. ಅವಳು ಭಕ್ರಿ ಬಡಿಯುವ ಸದ್ದಿಗೆ ಪಕ್ಕದ ಶೆಡ್ಡಿನ ಲೂಮುಗಳು ತಾಳ ತಪ್ಪುತ್ತವೆ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಇದುವರೆಗೆ ಯಾರೂ ಇಲ್ಲ ಎಂದಿಲ್ಲ.

"ಬಾರವಾ ಡಾಕ್ಟರತಿ" ಎಂದಳು. "ಸೂಜಿ ತಂದೀಯೇನು?"

"ಟಾರ್ಚ್ ತಂದೇನಿ, ದೊಡ್ಡವ್ವಾ."

ಪಡಸಾಲೆಯ ಗೋಡೆಗುಂಟ ನೀಲಿ ಬ್ಯಾರಲ್ಲುಗಳು ಮದುವೆಯ ಪಂಗತಿಯಂತೆ ಕುಳಿತಿದ್ದವು. ಅವುಗಳ ನಡುವೆ, ತಂಪಾದ ಜಾಗದಲ್ಲಿ, ಗೌರವ್ವನ ಮಗಳು ಸಾವಿತ್ರಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಎಂಟನೆಯ ತಿಂಗಳು. ಬ್ಯಾರಲ್ಲಿನ ಸಡಿಲ ಮುಚ್ಚಳ ಸರಿಸಿ ಟಾರ್ಚ್ ಬಿಟ್ಟೆ. ನೀರಿನ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದ ಸಣ್ಣ ಹುಳುಗಳು, ಶಾಲೆಗೆ ಇನ್ಸ್‌ಪೆಕ್ಟರ್ ಬಂದ ಹಾಗೆ, ಬೆಳಕು ಬಿದ್ದೊಡನೆ ಒದ್ದಾಡುತ್ತ ತಳಕ್ಕೆ ಓಡಿದವು.

ನನ್ನ ಕಣ್ಣು ಸಾವಿತ್ರಿಯ ಮೇಲೆ ಹೋಯಿತು. ಬಸುರಿಗೆ ಡೆಂಗ್ಯೂ ಬಂದರೆ ತಾಯಿಗೂ ಕೂಸಿಗೂ ಅಪಾಯ ಹೆಚ್ಚು. ಅದೊಂದು ವಾಕ್ಯ ನನ್ನ ಪುಸ್ತಕದಲ್ಲಿ ಗೆರೆ ಎಳೆದು ಇಟ್ಟದ್ದು. ಇಲ್ಲಿ ಅದೇ ವಾಕ್ಯ ಕಾಲು ಚಾಚಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿತ್ತು.

"ದೊಡ್ಡವ್ವಾ, ಇದನ್ನೆಲ್ಲಾ ಇವತ್ತ ಚೆಲ್ಲಿ ಬ್ಯಾರಲ್ ತಿಕ್ಕಬೇಕು."

ಗೌರವ್ವನ ಕೈಯಲ್ಲಿದ್ದ ಹಿಟ್ಟು ನಿಂತಿತು. "ಏನಂದಿ? ನೀರ ಚೆಲ್ಲಂತಿ? ಇಚಲಕರಂಜ್ಯಾಗ? ನಳ ಯಾವಾಗ ಬರತೈತಿ ಅಂತ ನಳಕ್ಕ ಗೊತ್ತಿಲ್ಲ! ನಾ ಈ ಖಾನಾವಳಿ ತೆಗದಾಗಿಂದ ಬ್ಯಾರಲ್ ತಳಾ ಕಂಡಿಲ್ಲ. ತಳದಾಗಿನ ನೀರಂದ್ರ ಲಕ್ಷ್ಮಿ, ತಿಳೀತಿಲ್ಲೋ?"

ನಮ್ಮ ಓಣಿಗಳಲ್ಲಿ ಎಲ್ಲರೂ ಹೀಗೆಯೇ. ನೀರು ಬಂದಾಗ ಹಳೆಯದರ ಮೇಲೆ ಹೊಸದನ್ನು ತುಂಬುತ್ತಾರೆ. ಬರಿದಾದ ಬ್ಯಾರಲ್ ಅಪಶಕುನ. ಡೆಂಗ್ಯೂ ಸೊಳ್ಳೆ ಬ್ಯಾರಲ್ಲಿನ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಮೇಲಿಂದ ನೀರು ಏರಿದಂತೆ ಅವು ಮರಿಯಾಗುತ್ತವೆ. ನಾವು ಲಕ್ಷ್ಮಿಯನ್ನು ಕಾಯುತ್ತೇವೆ, ಅವಳ ಜೊತೆಗೆ ಇವೂ ದೊಡ್ಡವಾಗುತ್ತವೆ.

"ಇವು ಸೊಳ್ಳಿ ಮರಿ. ನಿನ್ನ ಖಾನಾವಳಿಯ ಐದ ಮಂದಿ ದವಾಖಾನ್ಯಾಗ ಅದಾರ."

"ಅವು ನೀರಿನ ಹುಳಾ. ನಾ ಸಣ್ಣಾಕಿ ಇದ್ದಾಗಿಂದ ನೋಡೇನಿ. ಯಾರನ್ನೂ ಕಡ್ಯಂಗಿಲ್ಲ."

"ರೆಕ್ಕಿ ಬರೂಮಟ ಕಡ್ಯಂಗಿಲ್ಲ."

ಉಣ್ಣುತ್ತಿದ್ದ ಇಬ್ಬರು ತುತ್ತು ನಿಲ್ಲಿಸಿ ತಮ್ಮ ನೀರಿನ ಲೋಟ ನೋಡಿದರು. ಗೌರವ್ವ ಅದನ್ನು ಕಂಡಳು. ನನ್ನ ರಟ್ಟೆ ಹಿಡಿದು ಬಾಗಿಲಿಗೆ ಎಳೆತಂದು, ದನಿ ತಗ್ಗಿಸಿ ಹೇಳಿದಳು: "ನನ್ನ ಖಾನಾವಳಿ ಹೆಸರ ಎಲ್ಲ್ಯಾರ ಬರದಿ ಅಂದ್ರ, ನಿಮ್ಮ ದವಾಖಾನಿ ಬಾಗಲದಾಗ ಬಂದ ಕುಂದರತೇನಿ. ಮಗಳ ಬಾಣಂತನ ಇದರ ಮ್ಯಾಲ ಆಗಬೇಕು. ಹೋಗು." ಹಾಗೆಂದವಳು ನನ್ನ ಕೈಗೆ ಬಿಸಿ ಭಕ್ರಿ, ಜುಣಕ ತುರುಕಿ ಬಾಗಿಲು ಹಾಕಿದಳು. ಇಷ್ಟು ರುಚಿಯಾದ ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಐವರ ವಿಳಾಸವನ್ನು ತಿದ್ದಿ ಪೋರ್ಟಲ್‌ಗೆ ಹಾಕಿದೆವು. ಸ್ಥಳೀಯ ಆರೋಗ್ಯ ತಂಡದವರು ಫೋನಿನಲ್ಲಿ ಒಂದೆರಡು ದಿನದಲ್ಲಿ ಬರುತ್ತೇವೆಂದರು. ನನಗೆ ಸಮಾಧಾನವಿಲ್ಲ. ಅವರು ಬಂದರೆ ಗೌರವ್ವ ಬೀಗ ಜಡಿಯುತ್ತಾಳೆ. ಒಳಗೆ ಸಾವಿತ್ರಿ ಅದೇ ಬ್ಯಾರಲ್ಲುಗಳ ನಡುವೆ ಕುಳಿತಿರುತ್ತಾಳೆ.

"ಬೀಗಾ ಹಾಕಲಿ. ಗ್ವಾಡಿ ಹಾರಿ ಬ್ಯಾರಲ್ ಉರುಳಿಸೇ ಬರತೇನಿ" ಎಂದೆ ಸರ್‌ಗೆ.

ಮಗದುಮ್ ಸರ್ ಲೋಟದ ಬಾಯಿಗೆ ಬಟ್ಟೆ ಹಿಡಿದು ನೀರು ಸೋಸುತ್ತಿದ್ದರು. ನಾನು ಆ ಬಟ್ಟೆಯನ್ನು ನೋಡಿದೆ. ಅವರು ನನ್ನನ್ನು ನೋಡಿದರು.

"ಸರ್, ನೀರ ಚೆಲ್ಲೂದ ಬ್ಯಾಡಲ್ರಿ! ಹುಳಾ ಅಷ್ಟ ತಗದ್ರ ಸಾಕಲ್ರಿ!"

"ಬ್ಯಾರಲ್ಲಿಗೆ ಈ ಕರವಸ್ತ್ರ ಸಾಲೂದಿಲ್ಲ" ಎಂದರು ಸರ್, ಮುಖದ ಒಂದು ಗೆರೆಯೂ ಅಲುಗದಂತೆ. "ಅಗಲ ಪನ್ನಾದ ಬಟ್ಟಿ ಬೇಕು."

ಇಚಲಕರಂಜಿಯಲ್ಲಿ ನೀರಿಗೆ ಬರ ಇರಬಹುದು, ಬಟ್ಟೆಗಲ್ಲ. ಅಪ್ಪನ ಶೆಡ್ಡಿನಿಂದ ತುಂಡು ಬಟ್ಟೆ ತಂದೆ. ಎಷ್ಟು ತಂದೆನೆಂದರೆ, ದಾರಿಯಲ್ಲಿ ಒಬ್ಬ ಮುದುಕ "ಯಾರ ಲಗ್ನವಾ?" ಎಂದು ಕೇಳಿದ. ಮಧ್ಯಾಹ್ನ ಸರ್ ನನ್ನ ಜೊತೆ ಹೊರಟರು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟದ ಮನುಷ್ಯ ಗೌರವ್ವನ ಖಾನಾವಳಿಗೆ ಕಾಲಿಟ್ಟದ್ದು ಆ ಗಲ್ಲಿಯ ಮಟ್ಟಿಗೆ ಚಂದ್ರನ ಮೇಲೆ ಇಳಿದಷ್ಟೇ ದೊಡ್ಡ ಸುದ್ದಿ.

"ಗೌರವ್ವಾರ, ಒಂದ ಹನಿ ಚೆಲ್ಲೂದಿಲ್ಲ" ಎಂದು ಸರ್ ಕೈಮುಗಿದರು. "ನೀರ ಸೋಸಿ ನಿಮಗ ವಾಪಸ್ ಕೊಡತೇವಿ. ನಮ್ಮ ಮನ್ಯಾಗ ನಮ್ಮಜ್ಜಿ ಕಾಲದಿಂದ ಮಾಡತೇವಿ."

ಗೌರವ್ವ ಸರ್‌ರ ಬಿಳಿ ಅಂಗಿ ನೋಡಿದಳು, ಬಟ್ಟೆಯ ರಾಶಿ ನೋಡಿದಳು. "ಒಂದ ಹನಿ ಚೆಲ್ಲಿದ್ರ?"

"ನಾನ ತುಂಬಿ ಕೊಡತೇನಿ."

ಒಂದೊಂದೇ ಖಾಲಿ ಹಂಡೆಯ ಬಾಯಿಗೆ ಬಟ್ಟೆ ಎರಡು ಮಡಿಕೆ ಕಟ್ಟಿದೆವು. ಸರ್ ಕೊಡದಿಂದ ಸುರಿದರು, ನಾನು ಬಟ್ಟೆ ಬಿಗಿಹಿಡಿದೆ. ಮೊದಲ ಬ್ಯಾರಲ್ಲಿನ ನೀರು ಇಳಿದ ಮೇಲೆ ಬಟ್ಟೆಯ ಮೇಲೆ ಉಳಿದದ್ದನ್ನು ಗೌರವ್ವನ ಮುಂದೆ ಹಿಡಿದೆ. ಕರಿ ಎಳ್ಳು ಚೆಲ್ಲಿದಂತಿತ್ತು. ಎಳ್ಳು ಒದ್ದಾಡುತ್ತಿತ್ತು.

ಗೌರವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. "ಯವ್ವಾ... ಇದರಾಗ ಹಿಟ್ಟ ನಾದೇನಿ ನಾ."

ಆಗ ಒಂದು ತೊಡಕು ಬಂತು. ಸರ್ ಮನೆಯ ಪದ್ಧತಿಯಲ್ಲಿ, ಸೋಸಿ ಉಳಿದ ಜೀವಗಳನ್ನು ತಿರುಗಿ ನೀರಿಗೇ ಬಿಡಬೇಕು. ಬಾವಿಯ ನೀರು ಬಾವಿಗೆ, ಕೆರೆಯ ನೀರು ಕೆರೆಗೆ. ಇವನ್ನು ತಿರುಗಿ ಬಿಟ್ಟರೆ ನಾವು ಬಂದದ್ದೇಕೆ? ಸರ್ ಬಟ್ಟೆಯನ್ನು ನೋಡುತ್ತ ನಿಂತರು. ಹಾಸ್ಯ ಮಾಡಲು ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಅವರ ಮುಖ ನೋಡಿ ಹತ್ತನ್ನೂ ನುಂಗಿದೆ. ಅವರ ದೃಷ್ಟಿ ಸಾವಿತ್ರಿಯ ಕಡೆ ಹೋಗಿ ಬಂತು.

"ಕೊಡ ತರತೇನಿ" ಎಂದು ಸರ್ ಬೆನ್ನು ತಿರುಗಿಸಿ ನಡೆದರು. ಅವರು ತಿರುಗಿ ಬರುವಷ್ಟರಲ್ಲಿ ನಾನು ಬಟ್ಟೆಯನ್ನು ಅಂಗಳದ ಕಾದ ಬಂಡೆಯ ಮೇಲೆ ಝಾಡಿಸಿದ್ದೆ. ಕೊನೆಯ ಬ್ಯಾರಲ್ಲಿನವರೆಗೂ ಹೀಗೆಯೇ ನಡೆಯಿತು. ಪ್ರತಿ ಸಲವೂ ಸರ್‌ಗೆ ಕೊಡ ತರುವುದಿತ್ತು. ಅಷ್ಟು ಕೊಡ ಆ ಖಾನಾವಳಿಯಲ್ಲಿ ಇರಲೇ ಇಲ್ಲ.

ಖಾಲಿಯಾದ ಬ್ಯಾರಲ್ಲುಗಳನ್ನು ಗೌರವ್ವ ತಾನೇ ನಾರಿನಿಂದ ತಿಕ್ಕಿದಳು. ಒಳಗೋಡೆಯ ಮೊಟ್ಟೆ ಅಷ್ಟೇ ಅಲ್ಲ, ಬಣ್ಣವೂ ಹೋಗುವಂತೆ ತಿಕ್ಕಿದಳು. ಸೋಸಿದ ನೀರು ತುಂಬಿ, ಬಾಯಿಗೆ ಬಟ್ಟೆ ಬಿಗಿದೆವು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬರೀ ಹೇಳಿಕೊಂಡು ತಿರುಗುತ್ತಿದ್ದೆ.

ಮಾರನೆಯ ದಿನ ಬೆಳಿಗ್ಗೆ ಗೌರವ್ವ ಸಾವಿತ್ರಿಯನ್ನು ಆಟೋದಲ್ಲಿ ಕರೆತಂದಳು. ರಾತ್ರಿಯಿಂದ ಜ್ವರ, ಕಣ್ಣಿನ ಹಿಂದೆ ನೋವು. ರಕ್ತ ನಾನೇ ತೆಗೆದೆ. ಆಗ ಹಲ್ಲು ಕಚ್ಚಿದ್ದಕ್ಕೆ ದವಡೆ ಎರಡು ದಿನ ನೋಯಿತು. ಸೀರಮ್ ಬಿಟ್ಟು ಗಡಿಯಾರದ ಮುಂದೆ ಕುಳಿತೆ. ಮೊದಲ ಗೆರೆ ಮೂಡಿತು. ಆಮೇಲೆ ಎನ್ಎಸ್1 ಜಾಗದಲ್ಲಿ, ಅನುಮಾನಕ್ಕೆ ಎಡೆಯಿಲ್ಲದಂತೆ, ಎರಡನೆಯದು.

"ಸರ್, ನಾವು ನಿನ್ನೆ ಎಲ್ಲಾ ತಗದೇವಲ್ರಿ" ಎಂದೆ.

"ಕಡದದ್ದು ನಾಲ್ಕೈದ ದಿನದ ಹಿಂದನ ಇರಬೇಕು. ನಾವು ಹೋಗೂಕಿಂತ ಮೊದಲ" ಎಂದರು ಸರ್. "ಅಳೂದಾದ್ರ ಆಮ್ಯಾಲ ಅಳು. ಮೊದಲ ರಿಪೋರ್ಟ್."

ರಿಪೋರ್ಟ್ ಹಿಡಿದು ಕೌಂಟರಿಗೆ ಬಂದೆ. ಡಾಕ್ಟರು ಸಾವಿತ್ರಿಯನ್ನು ಕೂಡಲೇ ಕೊಲ್ಹಾಪುರದ ದೊಡ್ಡ ಆಸ್ಪತ್ರೆಗೆ ಕಳಿಸಲು ಹೇಳಿದ್ದರು. ಬಸುರಿಗೆ ರಕ್ತ, ತಜ್ಞರು ಎರಡೂ ಹತ್ತಿರ ಇರಬೇಕು. ಗಡಿಬಿಡಿಯಲ್ಲಿ ಉಳಿದುಹೋಗಿದ್ದ ನೋಂದಣಿಗೆ ಸುನೀಲ ಎಂದಿನಂತೆ ಆಧಾರ್ ಇಸಿದುಕೊಂಡ. ಅದರಲ್ಲಿ ಕಾಗಲದ ಹತ್ತಿರದ ಗಂಡನ ಮನೆಯ ವಿಳಾಸವಿತ್ತು. ಅವನ ಬೆರಳುಗಳು ಕೀಬೋರ್ಡಿನ ಮೇಲೆ ಇಳಿಯುವ ಮುನ್ನ, ಭಕ್ರಿ ಬಡಿಯುವ ಅಂಗೈ ಕೌಂಟರಿನ ಮೇಲೆ ಬಿತ್ತು. ಪೆನ್ ಸ್ಟ್ಯಾಂಡ್ ಹಾರಿತು.

"ಅದನ್ನ ಬರೀಬ್ಯಾಡ!" ಎಂದಳು ಗೌರವ್ವ. "ಅಕೀ ಗಂಡನ ಮನ್ಯಾಗ ಇಲ್ಲ. ನನ್ನ ಮನ್ಯಾಗ ಅದಾಳ. ಗೌರವ್ವನ ಖಾನಾವಳಿ ಅಂತ ಬರಿ. ಬ್ಯಾರಲ್ ಇರೂ ಪಡಸಾಲಿ ಅಂತ ಬರಿ. ದೊಡ್ಡ ಅಕ್ಷರದಾಗ ಬರಿ."

ಹಿಂದಿನ ಸಾಲಿನಲ್ಲಿ ಅವಳ ಗಿರಾಕಿಗಳೇ ನಾಲ್ಕಾರು ಮಂದಿ ನಿಂತಿದ್ದರು. ಅವಳು ಅವರ ಕಡೆ ತಿರುಗಿದಳು. "ಏನ ನೋಡಾಕತ್ತೀರಿ? ಹೌದು, ನನ್ನ ಬ್ಯಾರಲ್ಲಿನಾಗ ಇದ್ದೂವು. ನಿಮ್ಮ ಮನ್ಯಾಗೂ ಅದಾವ. ಹೋಗಿ ನೋಡ್ರಿ."

ಹೆಸರು ಬರೆದರೆ ಆಸ್ಪತ್ರೆಯ ಬಾಗಿಲಲ್ಲಿ ಬಂದು ಕೂರುತ್ತೇನೆ ಎಂದವಳು ಬಂದು ನಿಂತು ತನ್ನ ಹೆಸರನ್ನು ತಾನೇ ಬರೆಸಿದಳು.

ಆ ದಿನವೇ ತಂಡ ಬಂತು. ಒಂದು ಬಾಗಿಲಿಗೂ ಬೀಗ ಬೀಳಲಿಲ್ಲ, ಏಕೆಂದರೆ ಸಾವಿತ್ರಿಯನ್ನು ಕಾಗಲದಿಂದ ಓಡಿ ಬಂದ ಅಳಿಯನ ಜೊತೆ ಕೊಲ್ಹಾಪುರಕ್ಕೆ ಕಳಿಸಿದ ಗೌರವ್ವ ಸೌಟು ಹಿಡಿದು ತಂಡದ ಮುಂದೆ ನಡೆದಿದ್ದಳು. ಪಕ್ಕದ ಮನೆಗಳ ಬ್ಯಾರಲ್, ಕೂಲರ್, ಹಳೆಯ ಟೈರುಗಳಲ್ಲೂ ಲಾರ್ವಾ ಸಿಕ್ಕವು. ಗಲ್ಲಿಯ ತುಂಬ ಬಟ್ಟೆ ಹಿಡಿದು ನೀರು ಸೋಸುವ ಹೆಂಗಸರು. ದಾರಿಯಲ್ಲಿ ಹೋಗುವವರು ಊರೆಲ್ಲ ಜೈನರಾದರೇನೋ ಎಂದುಕೊಂಡಿರಬೇಕು. ಸಂಜೆ ಒಲೆ ಆರಿಸಿ ಗೌರವ್ವ ಕೊಲ್ಹಾಪುರದ ಬಸ್ ಹತ್ತಿದಳು.

ಅಲ್ಲಿಯ ಎಲೈಸಾ 'ಖಚಿತ' ಎಂದಿತು. ಸಾವಿತ್ರಿಯ ಪ್ಲೇಟ್‌ಲೆಟ್ ಇಳಿಯಿತು, ಇನ್ನೂ ಇಳಿಯಿತು. ಗೌರವ್ವ ವಾರ್ಡಿನ ಹೊರಗೆ ಕುಳಿತು ನನಗೆ ಫೋನ್ ಮಾಡುತ್ತಿದ್ದಳು. ಬರೀ "ಇದ್ದೀಯೇನವಾ?" ಎನ್ನುತ್ತಿದ್ದಳು. "ಅದೇನಿ, ದೊಡ್ಡವ್ವಾ" ಎನ್ನುತ್ತಿದ್ದೆ. ನಂತರ ಒಂದು ಬೆಳಿಗ್ಗೆ ಅಂಕಿ ಏರತೊಡಗಿತು. ಆ ಸಲ ಅವಳು ಫೋನಿನಲ್ಲಿ ಮಾತಾಡಿದ್ದನ್ನು ಕೇಳಲು ಕೊಲ್ಹಾಪುರಕ್ಕೂ ಇಚಲಕರಂಜಿಗೂ ನಡುವೆ ಫೋನಿನ ಅಗತ್ಯವೇ ಇರಲಿಲ್ಲ. ದಿನ ತುಂಬಿದ ಮೇಲೆ ಸಾವಿತ್ರಿ ಹೆಣ್ಣು ಕೂಸು ಹೆತ್ತಳು.

ಐವರು ಕೆಲಸಗಾರರೂ ಗುಣವಾಗಿ ಹೋದರು. ಆ ಗಲ್ಲಿಯಿಂದ ಆ ಹಂಗಾಮಿನಲ್ಲಿ ಮತ್ತೆ ಪಾಸಿಟಿವ್ ಬರಲಿಲ್ಲ. ಖಾನಾವಳಿಗೆ ಕೆಲವರು ಕೆಲವು ದಿನ ಬರಲಿಲ್ಲ. ಆಮೇಲೆ ಜುಣಕ ಗೆದ್ದಿತು. ಭೀಮಪ್ಪನಿಗೆ ಲಗ್ನ ಗೊತ್ತಾಗಿದೆ. ಹೆಣ್ಣು ಹುಡುಕಿದವರು ಶೋಭಕ್ಕ. ರೋಗ ಕಣ್ಗಾವಲಿನ ಪುಸ್ತಕಗಳಲ್ಲಿ ಈ ಪ್ರಯೋಜನವನ್ನು ಯಾರೂ ಬರೆದಿಲ್ಲ.

ಈಗ ನಾನು ಟ್ರೇನಿಯಲ್ಲ, ಟೆಕ್ನಿಷಿಯನ್. ಸ್ಟೂಲಿಗೆ ಇನ್ನೂ ಮೂರೇ ಕಾಲು. ಟೆಸ್ಟಿನ ಗೆರೆ ರೋಗ ಯಾರಿಗಿದೆ ಎಂದು ಹೇಳುತ್ತದೆ, ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳಬೇಕು, ಸರಿಯಾದ ಉತ್ತರ ಸಿಗುವವರೆಗೆ ಮೆಟ್ಟಿಲು ಹತ್ತಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಜ್ವರದವರು ಬಂದರೆ ಸುನೀಲ ಆಧಾರ್ ನೋಡಿದ ಮೇಲೂ ತಲೆ ಎತ್ತಿ ಕೇಳುತ್ತಾನೆ: "ಹಗಲಿ ಎಲ್ಲಿರ್ತೀರಿ?"

ಮೊನ್ನೆ ಗೌರವ್ವ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ಕೂಸಿಗೆ ಸಣ್ಣ ಜ್ವರ. ಟೆಸ್ಟ್ ನೆಗೆಟಿವ್, ಬರೀ ನೆಗಡಿ. ಅದಕ್ಕೂ ಮೊದಲು ಕೌಂಟರಿನಲ್ಲಿ ಸುನೀಲ ಕೇಳಿದ್ದ, "ಪೇಶಂಟ್ ಹಗಲಿ ಎಲ್ಲಿರ್ತಾರ?"

"ಹಗಲಿ ನನ್ನ ತೊಡಿ ಮ್ಯಾಲ, ರಾತ್ರಿ ಅವರವ್ವನ ತೊಡಿ ಮ್ಯಾಲ" ಎಂದಳು ಗೌರವ್ವ. "ಎರಡೂ ಬರ್ಕೋ."

ಸುನೀಲ ಎರಡನ್ನೂ ಬರೆದುಕೊಂಡ.